ನಾವು ಓಡ್ತೀವಿ

ಕೂಡ್ಲಿಗಿಯ ಜಮಾಲುದ್ದೀನರು ಟೀಶರ್ಟ್ ಮೇಲೆ ಅಕ್ಷರ ಅಚ್ಚು ಹಾಕಿಕೊಡುವವರು. ಕಾಲೇಜಿನ ರಿಲೇ ತಂಡದ ನಾಯಕಿ ದುರ್ಗಾ ಬಂದು, ಇಂಗ್ಲಿಷಿನ ‘ರನ್’ ಎಂಬುದನ್ನು ಲ್ಯಾಟಿನ್‌ನಲ್ಲಿ ಹಾಕಿಕೊಡಿ ಎಂದು ಹೇಳಿ ಹೋಗಿದ್ದಳು. ಅವಳ ಫೋನು ಅದನ್ನು ‘ಕುರ್ರೆ’ ಎಂದು ಅನುವಾದಿಸಿ ಕೊಟ್ಟಿತ್ತು. ಜಮಾಲುದ್ದೀನರು ಅದಕ್ಕೆ ಬಣ್ಣ ಒತ್ತುವ ಸ್ಕ್ರೀನ್ ಕೂಡ ಮಾಡಿಟ್ಟರು.

ಸಂಜೆ ಅದು ಮಗಳು ಅಸ್ಫಿಯಾಳ ಕಣ್ಣಿಗೆ ಬಿತ್ತು. ಸಸ್ಯಶಾಸ್ತ್ರದ ವಿದ್ಯಾರ್ಥಿನಿ ಅವಳು. ಗಿಡಗಳ ಹೆಸರು ಓದುತ್ತಾ ಲ್ಯಾಟಿನ್ ರುಚಿ ಹತ್ತಿ, ವ್ಯಾಕರಣದ ಪುಸ್ತಕ ತರಿಸಿಕೊಂಡು ತಾನೇ ಕಲಿಯುತ್ತಿದ್ದಳು. ಕೂಡಲೇ ದುರ್ಗಾಳನ್ನು ಕರೆಸಿದಳು.

“ತಪ್ಪೇನಿಲ್ಲ. ಆದ್ರ ಇದರರ್ಥ ‘ಓಡು’ ಅಂತ. ಯಾರೋ ನಿಂತು ಒಬ್ಬಾಕಿಗೆ ಹೇಳಿದಂಗ.”

“ಅಯ್ಯ, ಬ್ಯಾಡ! ಓಡು ಅನ್ನೋರು ನಮಗ ಬೇಕಾದಷ್ಟು ಮಂದಿ ಅದಾರ. ನಾವು ಓಡ್ತೀವಿ ಅನ್ನಬೇಕು. ಅದಕ್ಕ ಎರಡು ಪದ ಬೇಕೇನು?”

“ಒಂದೇ ಸಾಕು. ಬರೇ ‘ಓಡ್ತೀವಿ’ ಅಂದ್ರೂ ‘ನಾವು’ ಅದರಾಗ ಬಂತಲ್ಲ? ಲ್ಯಾಟಿನ್‌ನಾಗೂ ಹಂಗ. ಕುರ್ರಿಮುಸ್.”

ದುರ್ಗಾ ಎರಡು ಸಲ ಹೇಳಿ ನೋಡಿದಳು. “ಇದ ಇರಲಿ.”

“ಸ್ಕ್ರೀನ್ ಆಗಲೇ ಆಗೈತಲ್ಲಮ್ಮ,” ಎಂದರು ಜಮಾಲುದ್ದೀನರು.

“ಹೊಸದು ನಾನು ಮಾಡ್ತೀನಿ, ಅಬ್ಬಾ,” ಎಂದು ಅಸ್ಫಿಯಾ ಕಂಪ್ಯೂಟರ್ ಮುಂದೆ ಕುಳಿತೇಬಿಟ್ಟಳು.

ಹಡಗಲಿಯಲ್ಲಿ ಪಂದ್ಯ. ನೋಡಲು ಅಸ್ಫಿಯಾ ಕೂಡ ಹೋದಳು. ತಂಡ ಮೈದಾನಕ್ಕೆ ಇಳಿಯುತ್ತಿದ್ದಂತೆ ಗುಂಪಿನಲ್ಲಿ ಒಬ್ಬ ಅಂಗಿಯ ಮೇಲಿನ ‘ಕುರ್ರಿಮುಸ್’ ಓದಿ, “ಏನಿದು, ಕುರಿ ಬಂದ್ವೇನು?” ಎಂದು ಕೂಗಿದ. ನಗೆ ಎದ್ದಿತು. ಅಸ್ಫಿಯಾಳ ಮುಖ ಬಿಸಿಯಾಯಿತು.

ಗುಡೇಕೋಟೆಯ ಗುಡ್ಡಗಳಲ್ಲಿ ಕುರಿ ಕಾಯುತ್ತಲೇ ಬೆಳೆದ ದುರ್ಗಾ ತಿರುಗಿ ನಿಂತಳು. “ನಮ್ಮನ್ಯಾಗ ಕುರಿನೂ ಅದಾವಣ್ಣ. ಅವುನೂ ಜೋರಾಗೇ ಓಡ್ತಾವ. ನೋಡ್ಕೋಂತ ನಿಲ್ಲು.”

ಕೊನೆಯ ಸುತ್ತಿಗೆ ಕೋಲು ದುರ್ಗಾಳ ಕೈಗೆ ಬಂದಾಗ ಇಬ್ಬರು ಮುಂದಿದ್ದರು. ತಿರುವಿನಲ್ಲಿ ಒಬ್ಬಳನ್ನು, ಗೆರೆ ಸಮೀಪಿಸುವಾಗ ಇನ್ನೊಬ್ಬಳನ್ನು ಹಿಂದೆ ಹಾಕಿ ಮೊದಲಿಗಳಾಗಿ ಮುಟ್ಟಿದಳು. ಕೂಗಿದವನೂ ಎದ್ದು ನಿಂತು ಚಪ್ಪಾಳೆ ಹೊಡೆದ.

ಹಲವಾಗಲಿನಿಂದ ಬಂದಿದ್ದ ಹುಡುಗಿಯೊಬ್ಬಳು ಅಂಗಿಯ ಅರ್ಥ ಕೇಳುತ್ತಾ ಹತ್ತಿರ ಬಂದಳು. ಅವರ ಊರಿಂದ ಅವಳೊಬ್ಬಳೇ ಬಂದಿದ್ದಳು. ದೂರದ ಓಟ ಅವಳದು. ದುರ್ಗಾ ಅವಳನ್ನು ಅಸ್ಫಿಯಾಳ ಕಡೆ ಕಳಿಸಿದಳು. ‘ನಾವು ಓಡ್ತೀವಿ’ ಅಂತ ಅರ್ಥ ಎಂದು ಅಸ್ಫಿಯಾ ಹೇಳಿದಳು.

“ನಾನೊಬ್ಬಾಕಿನೇ ಅಂದ್ರ ಏನಾಗ್ತದಕ್ಕ?”

“ಕುರ್ರೊ. ನಾನು ಓಡ್ತೀನಿ,” ಎಂದಳು ಅಸ್ಫಿಯಾ.

ಹುಡುಗಿ ಪಕ್ಕದವರಿಂದ ಪೆನ್ನು ಇಸಿದುಕೊಂಡು ಅಸ್ಫಿಯಾಳ ಕೈಲಿ ಅದನ್ನು ಅಂಗೈ ಮೇಲೆ ಬರೆಸಿಕೊಂಡಳು. ಅಷ್ಟರಲ್ಲಿ ಓಟಕ್ಕೆ ಅವಳ ಹೆಸರು ಕೂಗಿದರು.