ಆಲ್ಬರ್ಟನ ನಾಯಿ

ಆ ವರ್ಷ ತಾಯಂದಿರ ಭಾನುವಾರಕ್ಕೆ ಕೆಲ್‌ಬಿ ಹಳ್ಳಿಯ ಹೆಂಗಸರು ಯಾರೂ ಕಾರ್ಲೈಲ್ ಪಟ್ಟಣದ ಕಥೀಡ್ರಲಿಗೆ ಹೋಗಲಿಲ್ಲ. ಪ್ರತಿ ವರ್ಷ ಬಸ್ಸು ಮಾಡಿಕೊಂಡು ಹೋಗಿ, ಹಾಡಿ, ಮಕ್ಕಳ ಕೈಯಿಂದ ಒಂದೊಂದು ಹಿಡಿ ಹಳದಿ ಹೂವು ಇಸಿದುಕೊಂಡು ಬರುವವರು ಈ ಸಲ ಬಾಗಿಲು ಹಾಕಿಕೊಂಡು ಮನೆಯಲ್ಲೇ ಕೂತರು. ಸುತ್ತಲಿನ ಹಳ್ಳಿಗಳಲ್ಲೆಲ್ಲ ಕಾಲುಬಾಯಿ ಜ್ವರ. ಒಂದು ಕುರಿಗೆ ಬಂತೆಂದರೆ ಸಾಕು, ಆ ಮನೆಯ ಅಷ್ಟೂ ಜಾನುವಾರು, ಪಕ್ಕದ ಬೇಲಿಯವರ ಅಷ್ಟೂ ಜಾನುವಾರುಗಳನ್ನು ಸರ್ಕಾರದವರು ಬಂದು ಗುಂಡಿಟ್ಟು ಕೊಂದು ಸುಡುತ್ತಿದ್ದರು. ಗಾಳಿ ಈ ಕಡೆ ತಿರುಗಿದರೆ ಒಣಹಾಕಿದ ಬಟ್ಟೆಗೂ ಆ ನಾತ ಹತ್ತುತ್ತಿತ್ತು.

ನೋರಾ ಟೆಲ್ಫರ್ ತನ್ನ ಗೇಟಿಗೆ ಬೀಗ ಜಡಿದು ಒಂದು ತಿಂಗಳಾಗಿತ್ತು. ಗೇಟಿನ ಬುಡದಲ್ಲಿ ಔಷಧಿ ನೀರಿನಲ್ಲಿ ನೆನೆಸಿದ ಹುಲ್ಲಿನ ಹಾಸು, ಬೂಟಿಗೆ ಅಂಟಿದ ರೋಗ ಒಳಗೆ ಬಾರದಿರಲೆಂದು. ಅಂಗಡಿಯ ಬೆರಿಲ್ ಬ್ರೆಡ್ಡನ್ನು ಹೊರಗಿನ ಡಬ್ಬಿಯಲ್ಲಿ ಹಾಕಿ, ಕೂಗಿ ಹೇಳಿ ಹೋಗುತ್ತಿದ್ದಳು. ಅರವತ್ತಾರು ವರ್ಷದ ವಿಧವೆ, ಇನ್ನೂರ ಹತ್ತು ಕುರಿ. ಸಂತೆಯಲ್ಲಿ ಕೊಂಡು ತಂದ ಕುರಿಗಳಲ್ಲ ಅವು. ಹಿಂದಿನ ಗುಡ್ಡಕ್ಕೆ ಬೇಲಿಯೇ ಇಲ್ಲ. ನಮ್ಮ ಹುಲ್ಲು ಎಲ್ಲಿಯವರೆಗೆ ಎಂಬುದನ್ನು ತಾಯಿ ಮರಿಗೆ, ಆ ಮರಿ ತನ್ನ ಮರಿಗೆ ಕಲಿಸುತ್ತ ಬಂದಿದ್ದವು, ನೋರಾಳ ಮುತ್ತಜ್ಜನ ಕಾಲದಿಂದ. ಅವು ಹೋದರೆ ಬೇರೆ ಮಂದೆ ತಂದು ಬಿಟ್ಟರೂ ಅಲ್ಲಿ ನಿಲ್ಲುವುದಿಲ್ಲ. ನೋರಾಳ ಜೀವವೆಲ್ಲ ಆ ಮಂದೆಯಲ್ಲಿತ್ತು ಎಂದರೆ ಹೆಚ್ಚೇನಲ್ಲ.

ಆ ಭಾನುವಾರ ಮಧ್ಯಾಹ್ನ ಹಿಮ ಬೆರೆತ ಮಳೆಯಲ್ಲಿ ಮಗಳು ಗ್ವೆನ್ ಬಂದಳು. ಕಾರ್ಲೈಲಿನ ಆಚೆ ಕಡೆ ಅವಳ ಗಂಡ ನೀಲ್‌ನದು ತೊಂಬತ್ತು ಹಸುಗಳ ಹಾಲಿನ ಮನೆ. ಕೈಯಲ್ಲಿ ತಾನೇ ಮಾಡಿದ ಕೇಕು, ಮೇಲೆ ಪದ್ಧತಿಯಂತೆ ಹನ್ನೊಂದು ಬಾದಾಮಿ ಉಂಡೆ.

"ಡಬ್ಬಿ ಮೇಲಿಟ್ಟು ಹೋಗ್ತೀನಮ್ಮ. ಒಳಗೆ ಬರಲ್ಲ," ಎಂದಳು.

"ಎಷ್ಟು ಸೊರಗಿದೀಯೇ. ನೀಲ್ ಹಸುಗಳಿಗೆ ಮಾತ್ರ ಊಟ ಹಾಕ್ತಾನೇನು?"

"ನೀನೇನು ತುಂಬಿ ತುಳುಕ್ತಾ ಇದೀಯಾ? ಬರೀ ಬ್ರೆಡ್ಡು ತಿನ್ಕೊಂಡಿದೀಯ ಅಂತ ಬೆರಿಲ್ ಹೇಳಿದ್ಲು."

ಗೇಟಿನ ಎರಡೂ ಕಡೆ ನಿಂತು ಇಬ್ಬರೂ ನಕ್ಕರು. ನಗುತ್ತಲೇ ಗ್ವೆನ್ ಅತ್ತುಬಿಟ್ಟಳು. ತಿಂಗಳಿಂದ ನಿದ್ದೆಗೆಟ್ಟವಳು, ಪಾಪ.

"ಬಾರೇ ಒಳಗೆ. ಬೂಟು ಚೆನ್ನಾಗಿ ತೊಳ್ಕೋ. ಒಂದು ಲೋಟ ಚಹಾ ಕುಡಿದು ಹೋಗು."

"ಬೇಡಮ್ಮ."

"ನಾನು ಹೇಳ್ತಿದೀನಲ್ಲ, ಬಾ."

ಬೀಗ ತೆಗೆದವಳು ನೋರಾ. ಮಗಳು ಬೇಡವೆಂದಳು, ತಾಯಿ ತೆಗೆದಳು. ಗ್ವೆನ್ ಒಂದು ಗಂಟೆ ಕೂತಿದ್ದಳು. ಒಲೆಯ ಪಕ್ಕದ ಪೆಟ್ಟಿಗೆಯಲ್ಲಿದ್ದ ತಬ್ಬಲಿ ಮರಿಯನ್ನು ತೊಡೆಯ ಮೇಲೆ ಎತ್ತಿಕೊಂಡು ಬಾಟಲಿಯಲ್ಲಿ ಹಾಲು ಕುಡಿಸಿದಳು. ಕುರಿಯ ಮನೆಯಲ್ಲಿ ಹುಟ್ಟಿದವಳ ಕೈ ಸುಮ್ಮನಿದ್ದೀತೇ?

ಸೋಮವಾರ ರಾತ್ರಿ ಊಟದ ಹೊತ್ತಿಗೆ ಫೋನು ಬಂತು.

"ಅಮ್ಮ, ಶುಕ್ರವಾರ ನೀಲ್ ಸ್ನೇಹಿತನ ಮನೇಲಿ ಕುರಿ ಈಯಿಸೋಕೆ ನಾವಿಬ್ರೂ ಹೋಗಿದ್ವಿ. ಅಲ್ಲಿ ಜ್ವರ ಬಂದಿದೆಯಂತೆ, ಇವತ್ತು ಗೊತ್ತಾಯ್ತು." ಗ್ವೆನ್ ಪಿಸುಗುಡುತ್ತಿದ್ದಳು. "ನಾವು ಹೋಗಿದ್ವಿ ಅಂತ ಆ ಸ್ನೇಹಿತ ಬಾಯಿ ಬಿಟ್ಟಿಲ್ಲ. ಬಿಟ್ರೆ ನಮ್ಮ ಹಸು ಒಂದೂ ಉಳಿಯಲ್ಲ. ಹದಿನಾಲ್ಕು ದಿನ ಏನೂ ಆಗ್ದಿದ್ರೆ ಗೆದ್ವಿ ಅಂತಾನೆ ನೀಲ್. ಮುಂದಿನ ವಾರದ ಶುಕ್ರವಾರದ ತನಕ. ನಾನು ನಿನ್ನ ಹತ್ರ ಬಂದಿದ್ದು ಯಾರಿಗೂ ಹೇಳ್ಬೇಡ."

"ಇಲ್ಲಿಗೆ ಬಂದಾಗಲೂ ಕೋಟು ಅದೇನಾ ಹಾಕ್ಕೊಂಡಿದ್ದು?"

"ಅದೇ, ಅಮ್ಮ."

ನೋರಾ ಐದು ದಿನ ಮಂದೆಯ ಒಂದೊಂದು ಕುರಿಯ ಬಾಯಿ ಬಿಡಿಸಿ ನೋಡಿದಳು. ಭಾನುವಾರ ಬೆಳಿಗ್ಗೆ ಪೆಟ್ಟಿಗೆಯ ಮರಿ ಸತ್ತಿತ್ತು. ಹೊಲಕ್ಕೆ ಹೋದರೆ ಒಂದು ಕುರಿ ಕುಂಟುತ್ತಿತ್ತು, ತುಟಿಯ ಒಳಗೆ ಗುಳ್ಳೆ. ಅವಳೇ ಫೋನು ಮಾಡಿ ತಿಳಿಸಿದಳು. ಅಷ್ಟರ ಮಟ್ಟಿಗೆ ನ್ಯಾಯವಂತೆ.

ಸರ್ಕಾರದ ಪಶುವೈದ್ಯೆ ಮಧ್ಯಾಹ್ನವೇ ಬಂದಳು. ಮೂವತ್ತು ದಾಟದ ಹುಡುಗಿ, ದಕ್ಷಿಣದ ಬೆಚ್ಚನೆ ಸೀಮೆಯವಳು, ಬಿಳಿಯ ಮೇಲಂಗಿಯೊಳಗೆ ಚಳಿಗೆ ನಡುಗುತ್ತಿದ್ದಳು. ನಾಲ್ಕು ಕುರಿಗಳ ಬಾಯಿ ನೋಡಿ ತಲೆಯಾಡಿಸಿದಳು. ಆಮೇಲೆ ಅಡುಗೆಮನೆಯ ಮೇಜಿನ ಮೇಲೆ ಕಾಗದ ಬಿಡಿಸಿದಳು.

"ಮೂರು ವಾರದಲ್ಲಿ ಇಲ್ಲಿಗೆ ಯಾರ್ಯಾರು ಬಂದಿದ್ರು?"

"ಯಾರೂ ಇಲ್ಲ."

"ನೀವು ಎಲ್ಲಿಗಾದ್ರೂ ಹೋಗಿದ್ರಾ?"

"ಇಲ್ಲ."

"ಹಂಗಾದ್ರೆ ಹೆಂಗೆ ಬಂತು, ಮಿಸೆಸ್ ಟೆಲ್ಫರ್? ಇಲ್ಲಿಂದ ಎರಡು ಮೈಲಿ ಒಳಗೆ ಎಲ್ಲೂ ಇಲ್ವಲ್ಲ. ಸರಿಯಾಗಿ ಯೋಚನೆ ಮಾಡಿ. ಯಾರೋ ಒಬ್ರು ತಂದಿರಲೇಬೇಕು. ಮನುಷ್ಯರಲ್ದಿದ್ರೆ ನರಿ, ನಾಯಿ, ಯಾವುದಾದ್ರೂ."

ಕಪಾಟಿನಲ್ಲಿ ಕೇಕಿನ ಅರ್ಧ ಇನ್ನೂ ಇತ್ತು. ನೋರಾಳಿಗೆ ಮಗಳ ತೊಂಬತ್ತು ಹಸುಗಳು ಕಣ್ಣ ಮುಂದೆ ಸಾಲಾಗಿ ನಿಂತಂತಾಯಿತು. ಅವಳ ಬಾಯಿಂದ ಮಾತು ಜಾರಿತು.

"ಪಕ್ಕದ ಆಲ್ಬರ್ಟನ ನಾಯಿ ಬಂದಿತ್ತು ಎರಡು ಸಲ."

ಅದು ಸುಳ್ಳಲ್ಲ. ಆಲ್ಬರ್ಟ್ ಮಾಸಪ್‌ನ ಮೆಗ್ ಕಿಲಾಡಿ ಹೆಣ್ಣುನಾಯಿ, ಸರಪಳಿಯಿಂದ ಕತ್ತು ನುಣುಚಿಕೊಂಡು ಬಂದು ಬ್ರೆಡ್ಡಿನ ಚೂರಿಗಾಗಿ ಬಾಗಿಲಲ್ಲಿ ಕೂರುತ್ತಿತ್ತು. ನಿಜವನ್ನೇ ಹೇಳಿ ಇಷ್ಟು ದೊಡ್ಡ ಸುಳ್ಳು ಹೇಳಬಹುದೆಂದು ನೋರಾಳಿಗೆ ಅವತ್ತು ಗೊತ್ತಾಯಿತು. ಹುಡುಗಿ ಬರೆದುಕೊಂಡಳು. ಹೇಗೂ ಪಕ್ಕದ ಬೇಲಿ, ಆಲ್ಬರ್ಟನ ಜಾನುವಾರು ಉಳಿಯುವುದಿಲ್ಲ, ಅವನಿಗೆ ಹೊಸದಾಗಿ ಹೋಗುವುದೇನು ಎಂದು ನೋರಾ ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಸೋಮವಾರ ಅವಳ ಇನ್ನೂರ ಹತ್ತನ್ನೂ ಮರಿಗಳನ್ನೂ ಕೊಂದರು. ಮರಿಗಳಿಗೆ ಗುಂಡಲ್ಲ, ಸೂಜಿ. ನೋರಾ ಒಂದೊಂದನ್ನೂ ತಾನೇ ಎತ್ತಿ ಹಿಡಿದುಕೊಟ್ಟಳು; ಅಪರಿಚಿತರು ಹಿಡಿದರೆ ಹೆದರುತ್ತವೆ. ಮಂಗಳವಾರ ಆಲ್ಬರ್ಟನ ಕುರಿ, ಹಸುಗಳು. ಬುಧವಾರ ಅವನ ಆಚೆಯವರದು.

ಅದೇ ದಿನ ಬೆರಿಲ್ ಫೋನು ಮಾಡಿದಳು. "ಆಲ್ಬರ್ಟನ ನಾಯಿಯಿಂದ ಬಂತು ಅಂತ ಸರ್ಕಾರದವರು ಹೇಳಿದ್ರಂತೆ. ಒಂದು ನಾಯಿ ಕಟ್ಟಿಹಾಕೋ ಯೋಗ್ಯತೆ ಇಲ್ಲ ಆ ಮುದುಕನಿಗೆ. ಕಟ್ಟಿಹಾಕ್ತೀನಿ ಅಂತ ಎಲ್ಲರ ಮುಂದೆ ಮಾತು ಕೊಟ್ಟಿದ್ದ. ಬೆಳಿಗ್ಗೆ ಅಂಗಡಿಗೆ ಬಂದ, ಒಬ್ರೂ ಮಾತಾಡಿಸ್ಲಿಲ್ಲ. ಹಾಲು ತಗೊಂಡು ಹೋದ. ನೀನು ಹೆಂಗಿದೀಯ, ನೋರಾ?"

"ಇದೀನಿ," ಎಂದಳು ನೋರಾ. ಆಗಲಾದರೂ ಬಾಯಿ ಬಿಡಬಹುದಿತ್ತು, ಬಿಡಲಿಲ್ಲ. ಗ್ವೆನ್ ಹೇಳಿದ ಶುಕ್ರವಾರಕ್ಕೆ ಇನ್ನೆರಡು ದಿನ.

ಗುರುವಾರ ಬೆಳಿಗ್ಗೆ ಆಲ್ಬರ್ಟ್ ಬಂದ. ಹೆಂಡತಿ ಹೋದಮೇಲೆ ಒಬ್ಬನೇ ಇದ್ದ. ಶಾಲೆಯಲ್ಲಿ ನೋರಾಳಿಗಿಂತ ಎರಡು ತರಗತಿ ಮುಂದಿದ್ದವನು. ನಲವತ್ತು ವರ್ಷ ಇಬ್ಬರೂ ಒಬ್ಬರ ಕುರಿ ಒಬ್ಬರು ಈಯಿಸಿದ್ದಾರೆ. ಅವತ್ತು ಗೇಟಿನ ಹೊರಗೇ ನಿಂತ. ಕ್ಷೌರ ಮಾಡಿಕೊಂಡು, ಚರ್ಚಿಗೆ ಹೋಗುವ ಕೋಟು ಹಾಕಿಕೊಂಡು ಬಂದಿದ್ದ. ನೋರಾ ಗೇಟಿನ ಹತ್ತಿರ ಹೋದಳು.

"ಮೆಗ್‌ನ ಮುಗಿಸ್ದೆ ನೋರಾ," ಎಂದ ಅವನು. "ನಿನ್ನೆ. ನಂದೇ ಕೋವೀಲಿ. ಸರ್ಕಾರದವರು ಬೇಡ ಅಂದ್ರು, ನಾಯಿಗೇನೂ ಆಗಲ್ಲ ಇಟ್ಕೋ ಅಂದ್ರು. ಇಟ್ಕೊಂಡು ಅದರ ಮುಖ ಹೆಂಗೆ ನೋಡ್ಲಿ? ಕೂಗಿದ ತಕ್ಷಣ ಬಂತು, ಬಾಲ ಆಡಿಸ್ಕೊಂಡು."

ನೋರಾ ಗೇಟಿನ ಕಂಬಿ ಹಿಡಿದುಕೊಂಡಳು.

"ಕತ್ತಿನ ಪಟ್ಟಿ ಒಂದು ತೂತು ಬಿಗಿ ಮಾಡಬೇಕಿತ್ತು. ಕತ್ತು ನೋಯುತ್ತೆ ಅಂತ ಸಡಿಲ ಬಿಟ್ಟೆ. ನಿಮ್ಮ ಮುತ್ತಜ್ಜನ ಕಾಲದ ಮಂದೆ, ಎಲ್ಲಾ ನನ್ನಿಂದ ಹೋಯ್ತು. ಊರವರು ಏನಾದ್ರೂ ಅಂದ್ಕೊಳ್ಲಿ. ನೀನೊಬ್ಳು ಕ್ಷಮಿಸಿದೀನಿ ಅಂದ್ರೆ ಸಾಕು. ಆಗಲ್ಲ ಅಂದ್ರೂ ಸರಿ, ಹೋಗ್ತೀನಿ."

ಅವನ ಗಲ್ಲದ ಮೇಲೆ ಬ್ಲೇಡಿನ ಗಾಯವಿತ್ತು. ಒಂದೇ ಒಂದು ಮಾತು ಹೇಳಿದರೆ ಈ ಮುದುಕ ತಲೆಯೆತ್ತಿ ಮನೆಗೆ ಹೋಗುತ್ತಾನೆ, ಸಂಜೆಯೊಳಗೆ ಮಗಳ ಅಂಗಳಕ್ಕೆ ಬಂದೂಕಿನವರು ಬರುತ್ತಾರೆ. ನೋರಾಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಹೇಸಿಗೆಯಾದರೂ ಅವಳು ತಾಯಿ.

"ಕ್ಷಮಿಸಿದೀನಿ, ಆಲ್ಬರ್ಟ್," ಎಂದಳು.

ಅವನು ಟೋಪಿ ತೆಗೆದ. ಕಣ್ಣು ಒರೆಸಿಕೊಳ್ಳಲೂ ಇಲ್ಲ.

"ದೊಡ್ಡ ಮನಸ್ಸು ನಿಂದು. ಗ್ವೆನ್‌ಗೆ ಹೆಂಗೆ ಮುಖ ತೋರಿಸ್ಲಿ ಅಂತಾನೇ ಯೋಚನೆ. ತಾಯಂದಿರ ಭಾನುವಾರ ಪಾಪ ಆ ಮಳೇಲಿ ಅಷ್ಟು ದೂರದಿಂದ ಬಂದಿದ್ಲು ನಿನ್ನ ನೋಡೋಕೆ. ಕಿಟಕಿಯಿಂದ ನೋಡ್ದೆ. ನಿನ್ನ ಮನೆಗೆ ಯಾರು ಬಂದಿದ್ರು ಅಂತ ಸರ್ಕಾರದವರು ನನ್ನೂ ಕೇಳಿದ್ರು. ಯಾರೂ ಇಲ್ಲ ಅಂದೆ. ಸುಮ್ನೆ ಆ ಹುಡುಗಿಗ್ಯಾಕೆ ತೊಂದರೆ, ಅಲ್ವಾ?"