ಎಂದೂ ಬರಿದಾಗದ ನೀಲಿ ಬಕೆಟ್

ಚುಕ್ಕಿ ಹಸುವಿನ ಕೆಚ್ಚಲು ಮತ್ತೆ ಬಾತಿತ್ತು. ಸೂಜಿ ಹಾಕಿಸಿದರೆ ಇಳಿಯುತ್ತದೆ, ನಿಲ್ಲಿಸಿದರೆ ಮತ್ತೆ ಊದಿಕೊಳ್ಳುತ್ತದೆ. ಹಾಲು ಕರೆಯುವ ಅಜ್ಜಿಯ ಹೆಬ್ಬೆರಳಿನಲ್ಲೂ ಒಂದು ಕೀವಿನ ಗಾಯ ಹಟ ಹಿಡಿದು ಕೂತಿತ್ತು. ಅದನ್ನೆಲ್ಲ ಅವಳು ಲೆಕ್ಕಕ್ಕೇ ಇಟ್ಟಿರಲಿಲ್ಲ. ಆದರೆ ಮೊಮ್ಮಗಳ ಮೊಣಕಾಲ ಹಿಂದೆ ಕುರು ಎದ್ದ ದಿನ ಅಜ್ಜಿ ಅವಳನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದಳು.

ಆಸ್ಪತ್ರೆಯ ಡಾಕ್ಟರು ಮಗುವಿನ ಕಾಲನ್ನೂ ಅಜ್ಜಿಯ ಬೆರಳನ್ನೂ ನೋಡಿದರು. ಎರಡರಿಂದಲೂ ಕೀವು ತೆಗೆದು ಪರೀಕ್ಷೆಗೆ ಕಳಿಸಿದರು. "ಬೆರಳು ವಾಸಿಯಾಗೋವರೆಗೂ ಮಗೂನ ಎತ್ಕೋಬೇಡಿ" ಎಂದುಬಿಟ್ಟರು.

ಇನ್ನೂ ನೆಟ್ಟಗೆ ನಡೆಯಲು ಬಾರದ ಆ ಮಗು ಎದ್ದಾಗಿನಿಂದ ಅಜ್ಜಿಯ ಸೊಂಟ ಬಿಟ್ಟು ಇಳಿಯುತ್ತಿರಲಿಲ್ಲ. ಈಗ ಅದು ತೋಳು ಚಾಚಿಕೊಂಡು ಬಂದರೆ ಅಜ್ಜಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲಬೇಕು. ಮಗು ಅತ್ತರೆ ಅದರ ಅಮ್ಮ, ಅಂದರೆ ಅಜ್ಜಿಯ ಸೊಸೆ, ಸಮಾಧಾನ ಮಾಡುತ್ತಿದ್ದಳು. ಅಜ್ಜಿ ಕೊಟ್ಟಿಗೆಗೆ ಹೋಗಿ ಒಬ್ಬಳೇ ಕಣ್ಣೊರೆಸಿಕೊಳ್ಳುತ್ತಿದ್ದಳು.

ಇಷ್ಟೆಲ್ಲ ನಡೆದದ್ದು ಊರಿಗೇ ಚೊಕ್ಕ ಎನಿಸಿಕೊಂಡ ಕೊಟ್ಟಿಗೆಯಲ್ಲಿ. ಬಾಗಿಲಲ್ಲಿ ಒಂದು ನೀಲಿ ಬಕೆಟ್, ಅದರ ತುಂಬ ಕ್ರಿಮಿನಾಶಕ ಬೆರೆಸಿದ ನೀರು. ಕೆಚ್ಚಲು ಒರೆಸುವ ಬಟ್ಟೆ ಅದರಲ್ಲೇ ಅದ್ದಬೇಕು, ಕೈಯನ್ನೂ ಅದರಲ್ಲೇ ತೊಳೆಯಬೇಕು. ನೀರು ತಗ್ಗಿದರೆ ಅಜ್ಜಿ ನೀರು ಸುರಿಯುತ್ತಿದ್ದಳು, ವಾಸನೆ ತಗ್ಗಿದರೆ ಬಾಟಲಿಯಿಂದ ಒಂದು ಗುಟುಕು ಔಷಧಿ. ಬಕೆಟ್ಟನ್ನು ಖಾಲಿ ಮಾಡಿದ್ದು ಮಾತ್ರ ಯಾರಿಗೂ ನೆನಪಿಲ್ಲ. ಔಷಧಿಯನ್ನು ಮೋರಿಗೆ ಚೆಲ್ಲುವುದೆಂದರೆ ಅವಳಿಗೆ ಕರುಳು ಹಿಂಡಿದಂತೆ.

ಚುಕ್ಕಿಗೆ ಮತ್ತೆ ಸೂಜಿ ಹಾಕಲು ಬಂದ ದನದ ಡಾಕ್ಟರಮ್ಮ ಕೆಚ್ಚಲು ನೋಡಿದರು, ಅಜ್ಜಿಯ ಬೆರಳು ನೋಡಿದರು. ಆಮೇಲೆ ಕೈಗೆ ಗವಸು ಹಾಕಿ ಬಕೆಟ್ಟಿನ ಒಳಗೋಡೆ ಸವರಿದರು. ಬೆರಳಿಗೆ ಲೋಳೆ ಹತ್ತಿತು.

"ಇದನ್ನ ಕೊನೇ ಸಲ ಉಜ್ಜಿ ತೊಳೆದಿದ್ದು ಯಾವಾಗ ಅಜ್ಜಿ?"

"ಇದನ್ಯಾಕೆ ತೊಳೀಲಿ? ತೊಳೆಯೋ ಔಷಧೀನೇ ಇದರೊಳಗಿದೆ. ಸೋಪಿಗೆ ಸೋಪು ಹಾಕಿ ತೊಳೆಯೋರು ಯಾರಾದ್ರೂ ಇದಾರಾ?"

ಸೊಸೆ ಮುಖ ಆಚೆ ತಿರುಗಿಸಿ ನಕ್ಕಳು. ಡಾಕ್ಟರಮ್ಮನೂ ನಕ್ಕರು. ಆದರೆ ಚುಕ್ಕಿಯ ಹಾಲಿನ ಜೊತೆಗೆ ಬಕೆಟ್ಟಿನ ನೀರನ್ನೂ ಒಂದು ಸೀಸೆಗೆ ತುಂಬಿಕೊಂಡು ಹೋದರು.

ಪರೀಕ್ಷೆಯ ಫಲ ಬಂದಾಗ ಅವರು ಮತ್ತೆ ಬಂದು ಕೊಟ್ಟಿಗೆಯ ಮೆಟ್ಟಿಲ ಮೇಲೆ ಕೂತರು.

"ಆಸ್ಪತ್ರೆಯವರ ಹತ್ರಾನೂ ಮಾತಾಡಿದೆ. ಹಸು ಹಾಲಲ್ಲಿ, ನಿಮ್ಮ ಬೆರಳಲ್ಲಿ, ಮಗು ಕಾಲಲ್ಲಿ, ಈ ಬಕೆಟ್ಟಲ್ಲಿ, ಎಲ್ಲಾ ಕಡೆ ಒಂದೇ ಜಾತಿ ಕ್ರಿಮಿ. ಹಸುವಿಂದ ನಿಮಗೆ ಬಂತೋ, ನಿಮ್ಮಿಂದ ಹಸುವಿಗೆ ಹೋಯ್ತೋ, ಹೇಳಕ್ಕಾಗಲ್ಲ. ಅದಕ್ಕೆ ದನ, ಮನುಷ್ಯ ಅನ್ನೋ ಭೇದ ಇಲ್ಲ."

"ಔಷಧಿ ಒಳಗೇ ಕ್ರಿಮಿ ಬದುಕತ್ತೆ ಅಂದ್ರೆ ಹೇಗಮ್ಮ ನಂಬೋದು? ವಾಸನೆ ಘಮ್ಮಂತಿತ್ತಲ್ಲ."

"ಕ್ರಿಮಿ ವಾಸನೆಗೆ ಹೆದರಲ್ಲ ಅಜ್ಜಿ, ಅಳತೆಗೆ ಹೆದರತ್ತೆ. ನೀರು ಸುರಿದೂ ಸುರಿದೂ ಔಷಧಿ ತೆಳ್ಳಗಾಯ್ತು. ಸಗಣಿ, ಹಾಲು ಸೇರಿ ಇದ್ದ ಬಲಾನೂ ಹೋಯ್ತು. ಅಂಥ ಔಷಧಿಗೆ ಸಾಯೋದು ಬಡಪಾಯಿ ಕ್ರಿಮಿಗಳು ಮಾತ್ರ. ಗಟ್ಟಿಪಿಂಡಗಳು ಲೋಳೇಲಿ ಅವಿತ್ಕೊಂಡು ಉಳೀತವೆ, ಅವುಗಳ ಸಂತಾನಾನೇ ಬೆಳೆಯತ್ತೆ. ಅಂಥವುಗಳಲ್ಲಿ ಕೆಲವು ಸೂಜಿಮದ್ದಿಗೂ ಜಗ್ಗದೇ ಹೋಗಬಹುದು."

ಅಜ್ಜಿ ಹಾಲು ಕರೆಯುವ ಮಣೆಯ ಮೇಲೆ ಕೂತಳು. "ಅಂದ್ರೆ ನಾನೇ ಸಾಕಿ ಬೆಳೆಸಿದೆ."

"ಗೊತ್ತಿಲ್ಲದೆ."

"ಮಗೂಗೆ ಮದ್ದು ಹತ್ತಲ್ವಾ ಹಾಗಾದ್ರೆ?"

"ಹತ್ತತ್ತೆ. ಈ ಕ್ರಿಮಿ ಬಗ್ಗೋ ಮದ್ದು ಇನ್ನೂ ಇದೆ ಅಂತ ಪರೀಕ್ಷೇಲಿ ಬಂದಿದೆ. ಆಸ್ಪತ್ರೇಲಿ ಬರೆದುಕೊಡ್ತಾರೆ, ಪೂರ್ತಿ ಮುಗಿಸಿ, ಮಧ್ಯೆ ಬಿಡಬೇಡಿ. ಆದ್ರೆ ಈ ಬಕೆಟ್ ಹೀಗೇ ಇದ್ರೆ..."

ಮಾತು ಮುಗಿಯುವ ಮೊದಲೇ ಅಜ್ಜಿ ಎದ್ದು ಬಕೆಟ್ ಎತ್ತಿದಳು. ಡಾಕ್ಟರಮ್ಮ ತೋರಿಸಿದ ಕಡೆ, ಬಾವಿಗೆ ದೂರವಾಗಿ, ಚೆಲ್ಲಿಯೇಬಿಟ್ಟಳು. ಸೊಸೆ ಸೋಪು ಹಾಕಿ ಲೋಳೆ ಹೋಗುವವರೆಗೂ ಉಜ್ಜಿ, ಬಿಸಿಲಿಗೆ ಬೋರಲು ಹಾಕಿದಳು.

ಬೆರಳು ಮಾಯುವ ತನಕ ಹಾಲು ಕರೆಯುವ ಕೆಲಸ ಸೊಸೆಯದಾಯಿತು, ಅಜ್ಜಿಯದು ಬರೀ ಉಸ್ತುವಾರಿ. ಮೊದಲು ಬರಿ ನೀರಲ್ಲಿ ಕೊಳೆ ಹೋಗಬೇಕು, ಆಮೇಲೆ ಔಷಧಿ. ಒಂದೊಂದು ಹಸುವಿಗೆ ಒಂದೊಂದು ಬಟ್ಟೆ. ಚುಕ್ಕಿಯ ಸರದಿ ಕೊನೆಗೆ, ಅವಳಿಗೆ ಮದ್ದು ನಡೆಯುತ್ತಿರುವಷ್ಟು ದಿನ, ಮುಗಿದ ಮೇಲೂ ಡಾಕ್ಟರಮ್ಮ ಹೇಳುವವರೆಗೆ, ಆ ಹಾಲು ಯಾರಿಗೂ ಇಲ್ಲ. ಬಾಟಲಿಯ ಮೇಲೆ ಹೇಳಿದ ಅಳತೆಯಲ್ಲಿ ಔಷಧಿ ಹೊಸದಾಗಿ ಬೆರೆಸಬೇಕು, ಹೇಳಿದಷ್ಟು ಹೊತ್ತು ಕೆಚ್ಚಲ ಮೇಲೆ ಬಿಡಬೇಕು, ಕೆಲಸ ಮುಗಿದ ಮೇಲೆ ಉಳಿದದ್ದನ್ನು ಚೆಲ್ಲಬೇಕು.

"ಅತ್ತೆ, ಇರಲಿ ಅಂತ ಇನ್ನೊಂದು ಮುಚ್ಚಳ ಔಷಧಿ ಹಾಕ್ಲಾ?" ಎಂದು ಸೊಸೆ ಬೇಕೆಂದೇ ಕೆಣಕುತ್ತಿದ್ದಳು.

"ಹೇಳಿದಷ್ಟೇ ಹಾಕೇ. ನಿನ್ನ ಧಾರಾಳತನ ಬೇರೆ ಕಡೆ ತೋರ್ಸು."

ಮಗು ಆಡುವ ನೆಲಕ್ಕೂ ಆ ಔಷಧಿಯನ್ನೇ ಬಳಿಯಬೇಕೆಂದು ಅಜ್ಜಿಗೆ ಹುಕಿ ಬಂದಿತ್ತು. ಅದಕ್ಕೂ ಡಾಕ್ಟರಮ್ಮ ಬೇಡವೆಂದರು. ದಿನನಿತ್ಯದ ನೆಲಕ್ಕೂ ಕೈಗೂ ಸೋಪು, ಚೊಕ್ಕ ನೀರು ಸಾಕು, ಬೇಡದ ಕಡೆಯೆಲ್ಲ ಬಳಸಿದರೆ ಕ್ರಿಮಿಗೆ ಅಭ್ಯಾಸ ಮಾಡಿಸಿದಂತೆ ಎಂದರು.

ಚುಕ್ಕಿಯ ಕೆಚ್ಚಲು ಮೆತ್ತಗಾಯಿತು, ಮದ್ದು ನಿಲ್ಲಿಸಿದ ಮೇಲೂ ಮೆತ್ತಗೇ ಉಳಿಯಿತು. ಮಗುವಿನ ಕುರು ಒಣಗಿ ಒಂದು ಕಲೆಯಷ್ಟೇ ಉಳಿಯಿತು. ಕಡೆಗೆ ಆಸ್ಪತ್ರೆಯ ಡಾಕ್ಟರು ಅಜ್ಜಿಯ ಹೆಬ್ಬೆರಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇನ್ನು ಎತ್ಕೊಳ್ಳಿ" ಎಂದರು.

ಮನೆಗೆ ಬಂದ ಅಜ್ಜಿ ನೇರ ನಲ್ಲಿಗೆ ಹೋದಳು. ಮಗು ತೋಳು ಚಾಚಿ ರಚ್ಚೆ ಹಿಡಿದರೂ ಆತುರಪಡದೆ ಸೋಪು ಹಚ್ಚಿ, ಬೆರಳ ಸಂದಿ ತಿಕ್ಕಿ, ತೊಳೆದು, ಒರೆಸಿಕೊಂಡಳು. ಆಮೇಲೆ ಎತ್ತಿಕೊಂಡವಳು ಸಂಜೆಯವರೆಗೂ ಕೆಳಗಿಳಿಸಲಿಲ್ಲ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು ಎಂದು ಬಂದವರಿಗೆಲ್ಲ ಹೇಳಿದಳು.

ಅಕ್ಕ, ಅಣ್ಣ, ನಿಮ್ಮ ಕೊಟ್ಟಿಗೆಯಲ್ಲೋ ಅಂಗಡಿಯಲ್ಲೋ ಬಚ್ಚಲಲ್ಲೋ ಇಂಥದ್ದೊಂದು ಬಕೆಟ್ ಇದ್ದೀತು. ಈಗಲೇ ಎದ್ದು ಅದರ ಒಳಗೋಡೆ ನೋಡಿ. ಚೆಲ್ಲಿ, ಉಜ್ಜಿ, ಒಣಗಿಸಿ, ನಾಳೆ ಅಳತೆ ನೋಡಿ ಹೊಸದಾಗಿ ಬೆರೆಸಿ. ನಿಮ್ಮ ಮನೆಯಲ್ಲೂ ಯಾರೋ ತೋಳು ಚಾಚಿಕೊಂಡು ನಿಮ್ಮ ಕಡೆ ಬರುತ್ತಿರುತ್ತಾರೆ.