ಇಪ್ಪತ್ತರವರೆಗೆ ಎಣಿಸಿ

"ಏಯ್ ಮೂರ್ಬೆರಳಿ, ಆ ದರಿದ್ರ ಕೈಗೆ ಗ್ಲೌಸ್ ಹಾಕ್ಕೊಳೇ! ಬಂದಿರೋರು ಮಿಷಿನ್ ತಗೋಬೇಕಾ, ವಾಂತಿ ಮಾಡ್ಕೋಬೇಕಾ?"

ಮ್ಯಾನೇಜರ್ ಬೈದದ್ದಕ್ಕೆ ಹತ್ತಿರ ನಿಂತವರು ನಕ್ಕರು. ಅವಳು ಗ್ಲೌಸು ತೊಟ್ಟಳು. ಒಳಗೆ ಏನೂ ಇಲ್ಲದ ಅದರ ಎರಡು ಬೆರಳು ಜೋತಾಡಿದವು.

ತರಕಾರಿ ಹೆಚ್ಚುವ ಆ ಯಂತ್ರದ ಕೈಪಿಡಿ ಬರೆದವಳು ಅವಳೇ. ಬೆರಳು ಹೋದ ಮೇಲೆ ಯಂತ್ರ ಜೋಡಿಸುವ ಕೆಲಸಕ್ಕೆ ಬಾರದವಳೆಂದು ಅವಳನ್ನು ಮೂಲೆಯ ಮೇಜಿಗೆ ತಳ್ಳಿದ್ದರು. ಬರೆದದ್ದನ್ನು ಮನೆಗೊಯ್ದು, ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವ ಅಕ್ಕನಿಂದ ಓದಿಸುತ್ತಿದ್ದಳು. ಅಕ್ಷರದ ಕೆಳಗೆ ಬೆರಳಿಟ್ಟು ಓದುವ ಅಕ್ಕ ತಡವರಿಸಿದ ಸಾಲನ್ನೆಲ್ಲ ಇವಳು ಹೊಡೆದುಹಾಕಿ ಮತ್ತೆ ಬರೆಯುವಳು. ಒಂದು ಸಾಲನ್ನು ಮಾತ್ರ ಅಕ್ಕ ಮೊದಲ ಸಲವೇ ಸರಾಗವಾಗಿ ಓದಿದ್ದಳು: 'ಸ್ವಿಚ್ ಆರಿಸಿದ ಮೇಲೂ ಒಳಗೆ ಬ್ಲೇಡು ಸದ್ದಿಲ್ಲದೆ ತಿರುಗುತ್ತಿರುತ್ತದೆ. ಇಪ್ಪತ್ತರವರೆಗೆ ಎಣಿಸಿ ಮುಚ್ಚಳ ತೆಗೆಯಿರಿ.'

"ಇದನ್ನ ಮೊದ್ಲೇ ಯಾರಾದ್ರೂ ಬರ್ದಿದ್ರೆ ನಿನ್ ಬೆರಳು ಉಳೀತಿತ್ತಲ್ಲೇ ಪುಟ್ಟಿ," ಎಂದಿದ್ದಳು ಅಕ್ಕ.

ಇಂದು ಆ ಕೈಪಿಡಿಗೆ ಬಹುಮಾನ. ಗಾಜಿನ ಫಲಕ ಹಿಡಿದು ವೇದಿಕೆಯಲ್ಲಿ ಬೀಗಿದವನು ಮ್ಯಾನೇಜರ್. ಕುರ್ಚಿಗಳ ನಡುವೆ ನೀರು ಹಂಚುತ್ತಿದ್ದವಳು ಹೊಸ ಪ್ರತಿಯೊಂದನ್ನು ತೆರೆದಳು. ಬರೆದವರ ಜಾಗದಲ್ಲಿ ಅವನ ಹೆಸರು. ಅದನ್ನೂ ನುಂಗಿಕೊಂಡಳು. ಒಂಬತ್ತನೆಯ ಪುಟ ತಿರುವಿದಳು. ಆ ಸಾಲೇ ಇರಲಿಲ್ಲ.

ಅವನು ಕೆಳಗಿಳಿದಾಗ ಅಡ್ಡ ನಿಂತು ಕೇಳಿದಳು: "ಎಣಿಸೋ ಸಾಲು ಎಲ್ಲಿ ಸಾರ್?"

"ನಾನೇ ತೆಗೆಸ್ದೆ. ಅದನ್ನ ಓದಿ ಯಾವನು ಕೊಳ್ತಾನೆ? ಬೆರಳಿನ ಜೊತೆ ಬುದ್ಧೀನೂ ಕತ್ತರಿಸ್ಕೊಂಡ್ಯಾ? ನಡಿ, ಓಡ್ಸಿ ತೋರ್ಸು."

ಅವಳು ಯಂತ್ರಕ್ಕೆ ಗಜ್ಜರಿ ಸುರಿದು ಓಡಿಸಿದಳು. ಸ್ವಿಚ್ ಆರಿಸಿದಳು. ಸದ್ದು ನಿಂತಿತು.

"ಈಗ ಮುಚ್ಚಳ ತೆಗೀತಾಳೆ ನೋಡಿ," ಎಂದ ಅವನು ಮೈಕಿನಲ್ಲಿ.

ಅವಳು ಗ್ಲೌಸು ಕಿತ್ತು ಯಂತ್ರದ ಮೇಲಿಟ್ಟಳು. ಮೂರು ಬೆರಳಿನ ಕೈ ಎತ್ತಿ ಸಭೆಗೆ ತೋರಿಸಿದಳು. "ಪುಸ್ತಕ ಬರ್ದೋರು ನೀವಂತೆ ಸಾರ್. ನೀವೇ ತೆಗೀರಿ."

ಸಭೆ ಅವನನ್ನೇ ನೋಡಿತು. ನಗುನಗುತ್ತಲೇ ಬಂದು ಮುಚ್ಚಳದ ಮೇಲೆ ಕೈಯಿಟ್ಟ.

"ಒಂದು," ಎಂದಳು ಅವಳು, ಅಕ್ಕ ಓದುವಷ್ಟು ನಿಧಾನವಾಗಿ. "ಎರಡು... ಮೂರು..."

ಅವನ ನಗು ಆರಿತು. ಕೈ ಮೇಲೇಳಲಿಲ್ಲ.

"...ಹತ್ತೊಂಬತ್ತು."

ಅಲ್ಲಿಗೆ ಬಾಯಿ ಮುಚ್ಚಿದಳು. ಬ್ಲೇಡು ನಿಂತು ಎಷ್ಟೋ ಹೊತ್ತಾಯಿತು. ಅವನ ಕೈ ಮುಚ್ಚಳದ ಮೇಲೆ ಬೆವರುತ್ತಲೇ ಇತ್ತು.

"ಇಪ್ಪತ್ತು ಅನ್ನೇ, ಮುಂಡೇದೇ," ಎಂದು ಪಿಸುಗುಟ್ಟಿದ. ಮೈಕಿನಲ್ಲಿ ಅದು ಕೊನೆಯ ಕುರ್ಚಿಯವರೆಗೂ ಕೇಳಿಸಿತು.

ಅವಳು ಅನ್ನಲಿಲ್ಲ.